ಬೆಂಜೀನ್ ನಿಂತರೂ ನೀರು ಸರಿಹೋಗಿರಲಿಲ್ಲ

ಎಣ್ಣೆ ಪೈಪ್‌ಲೈನ್ ಒಡೆದ ಸುದ್ದಿ ಯಾವ ದೇಶದ್ದೇ ಆಗಲಿ, ಪತ್ರಿಕೆಯಲ್ಲಿ ಬರುವುದು ಮೊದಲ ಒಂದು ವಾರದ ಕಥೆ ಮಾತ್ರ. ಎಷ್ಟು ಲೀಟರ್ ಚೆಲ್ಲಿತು, ಎಷ್ಟು ಟ್ಯಾಂಕರ್ ಬಂತು, ಎಷ್ಟು ಮನೆಯವರನ್ನು ಬೇರೆ ಕಡೆ ಕಳಿಸಿದರು. ಆಮೇಲೆ ಗುಂಡಿ ಮುಚ್ಚುತ್ತಾರೆ, ಮೇಲೆ ಹುಲ್ಲು ಬೆಳೆಯುತ್ತದೆ, ಎಲ್ಲರೂ ಮರೆಯುತ್ತಾರೆ. ಮಣ್ಣಿಗೆ ಇಳಿದದ್ದು ಮಾತ್ರ ಅಲ್ಲೇ ಇರುತ್ತದೆ. ಅದು ಇಪ್ಪತ್ತು ವರ್ಷ, ನಲವತ್ತು ವರ್ಷ ಆದ ಮೇಲೆ ಏನು ಮಾಡುತ್ತದೆ ಅಂತ ಬಿಡದೆ ನೋಡಿದ ಜಾಗಗಳು ತುಂಬಾ ಕಡಿಮೆ. ಅದರಲ್ಲಿ ಮುಖ್ಯವಾದದ್ದು ಅಮೆರಿಕದ ಮಿನೆಸೋಟ ರಾಜ್ಯದ ಬೆಮಿಜಿ. ಬಾವಿ ನೀರಿನ ಸ್ಯಾಂಪಲ್ ತೆಗೆಯುವುದು ನನ್ನ ಹೊಟ್ಟೆಪಾಡಿನ ಕೆಲಸ. ಈ ಕೆಲಸದಲ್ಲಿರುವವರಿಗೆ ಬೆಮಿಜಿಯ ಹೆಸರು ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಮಿಜಿ ಇರುವುದು ಮಿಸಿಸಿಪ್ಪಿ ನದಿ ಹುಟ್ಟುವ ಇಟಾಸ್ಕ ಸರೋವರಕ್ಕೆ ಹತ್ತಿರ. ಸುತ್ತ ಕೆರೆಗಳು, ಪೈನ್ ಮರಗಳು, ಚಳಿಗಾಲದಲ್ಲಿ ಹಿಮ. 1979ರ ಆಗಸ್ಟ್ 20ರಂದು ಊರಿನಿಂದ ಸುಮಾರು 16 ಕಿಲೋಮೀಟರ್ ವಾಯವ್ಯಕ್ಕೆ, ನೆಲದೊಳಗೆ ಹಾಕಿದ್ದ 34 ಇಂಚಿನ ಕಚ್ಚಾ ತೈಲದ ಪೈಪ್ ಬೆಸುಗೆ ಹಾಕಿದ ಉದ್ದನೆಯ ಜಾಗದಲ್ಲಿ ಬಿರಿಯಿತು. ಸುಮಾರು 17 ಲಕ್ಷ ಲೀಟರ್ ಎಣ್ಣೆ ಹೊರಬಂತು. ಒಳಗಿನ ಒತ್ತಡಕ್ಕೆ ಅದು ಮೇಲಕ್ಕೆ ಚಿಮ್ಮಿ ಸುಮಾರು 6,500 ಚದರ ಮೀಟರ್ ಜಾಗದ ಮೇಲೆ ಬಿತ್ತು, ಉಳಿದದ್ದು ತಗ್ಗಿಗೆ ಹರಿದು ನಿಂತಿತು. ಕೆಳಗೆ ಇದ್ದದ್ದು ಹಿಮನದಿಗಳು ಕರಗಿದಾಗ ಬಿಟ್ಟುಹೋದ ಮರಳು ಮತ್ತು ಜಲ್ಲಿ. ಎಣ್ಣೆ ಇಳಿಯಲು ಅದಕ್ಕಿಂತ ಸಲೀಸಾದ ನೆಲ ಬೇಕಾ?

ಕಂಪನಿಯವರು ಸುಮ್ನೆ ಕೂರಲಿಲ್ಲ. ನಿಂತ ಎಣ್ಣೆಯನ್ನು ಪಂಪ್ ಮಾಡಿದರು, ಕಾಲುವೆ ತೋಡಿ ಎಣ್ಣೆ ಬಸಿದುಕೊಂಡರು, ಸ್ವಲ್ಪ ಭಾಗವನ್ನು ಸುಟ್ಟರು, ಎಣ್ಣೆ ಹಿಡಿದ ಮಣ್ಣನ್ನು ಅಗೆದು ಸಾಗಿಸಿದರು. ಮುಕ್ಕಾಲು ಭಾಗದಷ್ಟು ಎಣ್ಣೆ ಹೀಗೆ ಹೋಯಿತು. ಇವತ್ತಿನ ಲೆಕ್ಕದಲ್ಲೂ ಇದು ಒಳ್ಳೆಯ ಕೆಲಸವೇ. ಆದರೆ ಉಳಿದದ್ದು ಸುಮಾರು 4 ಲಕ್ಷ ಲೀಟರ್. ಅದು ಮರಳಿನ ಕಣಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ಅಂತರ್ಜಲದ ಮಟ್ಟದಲ್ಲಿ ತೇಲುತ್ತಿತ್ತು. ಪೂರಿಯನ್ನು ಕಾಗದದ ಮೇಲೆ ಎಷ್ಟು ಒತ್ತಿದರೂ ಎಣ್ಣೆ ಪೂರ್ತಿ ಹೋಗುವುದಿಲ್ಲವಲ್ಲ, ಮರಳೂ ಹಾಗೇ.

1983ರಲ್ಲಿ ಅಮೆರಿಕದ ಭೂವಿಜ್ಞಾನ ಸಮೀಕ್ಷೆ, ಅಂದರೆ ಯುಎಸ್‌ಜಿಎಸ್, ಇಲ್ಲಿ ಅಧ್ಯಯನ ಶುರುಮಾಡಿತು. ಉಳಿದ ಎಣ್ಣೆ ಏನಾಗುತ್ತದೆ ಅನ್ನುವುದಷ್ಟೇ ಅವರ ಪ್ರಶ್ನೆ. ನೂರಾರು ಬಾವಿ ಕೊರೆದರು. ನಮ್ಮ ಬೋರ್‌ವೆಲ್ ತರಹದ್ದಲ್ಲ, ಸಣ್ಣ ಕೊಳವೆಗಳು. ತಳದಲ್ಲಿ ನಿರ್ದಿಷ್ಟ ಆಳದಲ್ಲಿ ಮಾತ್ರ ಜಾಲರಿ ಇರುತ್ತದೆ, ಆ ಆಳದ ನೀರು ಮಾತ್ರ ಒಳಗೆ ಬರುತ್ತದೆ. ಒಂದೇ ಜಾಗದಲ್ಲಿ ಬೇರೆ ಬೇರೆ ಆಳಕ್ಕೆ ಬೇರೆ ಬೇರೆ ಕೊಳವೆ. ಇಷ್ಟೆಲ್ಲ ಯಾಕೆ ಅಂದರೆ, ನೆಲದಡಿಯಲ್ಲಿ ಒಂದು ಮೀಟರ್ ಮೇಲೆ ಕೆಟ್ಟ ನೀರು, ಒಂದು ಮೀಟರ್ ಕೆಳಗೆ ಒಳ್ಳೆ ನೀರು ಇರುವುದು ಮಾಮೂಲು. ಉದ್ದ ಜಾಲರಿಯ ಬಾವಿಯಲ್ಲಿ ಎರಡೂ ಬೆರೆತು ಬರುತ್ತದೆ, ವರದಿಯಲ್ಲಿ "ಪರವಾಗಿಲ್ಲ" ಅನ್ನುವಂಥ ಅಂಕಿ ಕಾಣುತ್ತದೆ.

ಈ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು, ಯಾಕಂದರೆ ಇಲ್ಲೇ ಅರ್ಧ ಸತ್ಯ ಕೈತಪ್ಪಿ ಹೋಗುವುದು. ಬಾವಿಗೆ ಮೊದಲು ಒಂದು ಟೇಪ್ ಇಳಿಸುತ್ತೇವೆ, ತುದಿಯಲ್ಲಿ ಸೆನ್ಸರ್ ಇರುತ್ತದೆ. ಎಣ್ಣೆ ಮುಟ್ಟಿದರೆ ಒಂದೇ ಸಮ ಕೂಗುತ್ತದೆ, ನೀರು ಮುಟ್ಟಿದರೆ ಬಿಟ್ಟು ಬಿಟ್ಟು ಕೂಗುತ್ತದೆ. ಆ ಎರಡು ಆಳಗಳ ನಡುವಿನ ಅಂತರ ಬಾವಿಯೊಳಗಿನ ಎಣ್ಣೆಯ ದಪ್ಪ. ಬಾವಿಯಲ್ಲಿ ಒಂದು ಅಡಿ ಎಣ್ಣೆ ಇದ್ದರೆ ಹೊರಗಿನ ಮಣ್ಣಿನಲ್ಲೂ ಒಂದು ಅಡಿ ಇದೆ ಅಂತ ಅಲ್ಲ. ಅಂತರ್ಜಲ ಏರಿದಾಗ ಎಣ್ಣೆ ಮಣ್ಣಿನ ಸಂದಿಯಲ್ಲಿ ನೀರಿನ ಕೆಳಗೆ ಸಿಕ್ಕಿಬೀಳುತ್ತದೆ, ಬಾವಿಯಲ್ಲಿ ಎಣ್ಣೆಯೇ ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಮತ್ತೆ ಕಾಣುತ್ತದೆ. ಮಳೆಗಾಲದಲ್ಲಿ ಒಂದು ಸಲ ಅಳೆದು "ಎಣ್ಣೆ ಹೋಯಿತು" ಅಂತ ಬರೆದರೆ ಆ ವರದಿಗೆ ಬೆಲೆ ಇಲ್ಲ.

ಆಮೇಲೆ ಪಂಪ್ ಇಳಿಸಿ ನಿಧಾನವಾಗಿ ನೀರು ಎಳೆಯಬೇಕು. ಜೋರಾಗಿ ಎಳೆದರೆ ಕೆಸರು ಏಳುತ್ತದೆ, ಗಾಳಿ ಬೆರೆಯುತ್ತದೆ. ಪಿಎಚ್, ಕರಗಿದ ಆಮ್ಲಜನಕ, ವಿದ್ಯುತ್ ವಾಹಕತೆ, ಇವೆಲ್ಲ ಒಂದು ಮಟ್ಟಕ್ಕೆ ಬಂದು ನಿಲ್ಲುವವರೆಗೆ ಕಾಯಬೇಕು. ಆಗ ಮಾತ್ರ ಹೊರಗಿನ ಮಣ್ಣಿನ ನೀರು ಬರುತ್ತಿದೆ ಅಂತ ಅರ್ಥ. ಎಣ್ಣೆಯಿಂದ ನೀರಿಗೆ ಕರಗುವ ವಿಷ ಬೆಂಜೀನ್. ಅದರ ಪರೀಕ್ಷೆಗೆ 40 ಮಿಲಿಲೀಟರ್‌ನ ಗಾಜಿನ ಪುಟ್ಟ ಸೀಸೆ. ಒಳಗೆ ಮೊದಲೇ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಇರುತ್ತದೆ, ಹಾಗಾಗಿ ತುಂಬಿ ಚೆಲ್ಲಿಸುವ ಹಾಗಿಲ್ಲ. ಆದರೆ ಬಾಯಿಯ ತುದಿಯಲ್ಲಿ ನೀರು ಉಬ್ಬಿ ನಿಲ್ಲುವಷ್ಟು ತುಂಬಬೇಕು. ಮುಚ್ಚಳ ತಿರುಗಿಸಿ, ಸೀಸೆ ತಲೆಕೆಳಗೆ ಮಾಡಿ, ಬೆರಳಿನಿಂದ ತಟ್ಟಿ ನೋಡಬೇಕು. ಒಳಗೆ ಗುಳ್ಳೆ ಓಡಾಡಿದರೆ ಆ ಸೀಸೆ ಬಿಟ್ಟು ಬೇರೆ ಸೀಸೆ. ಬೆಂಜೀನ್ ಆ ಗುಳ್ಳೆಯೊಳಗೆ ಸೇರಿಕೊಂಡು ಲ್ಯಾಬ್‌ನಲ್ಲಿ ಮುಚ್ಚಳ ತೆಗೆದಾಗ ಹಾರಿಹೋಗುತ್ತದೆ, ಅಂಕಿ ಕಡಿಮೆ ಬರುತ್ತದೆ. ಬಿಸಿಲಿನಲ್ಲಿ ಜೀಪಿನ ಹಿಂದೆ ಐಸ್ ಇಲ್ಲದೆ ಇಟ್ಟ ಸೀಸೆಗಳದ್ದೂ ಅದೇ ಕಥೆ. ಈ ಸಣ್ಣ ಸಣ್ಣ ತಪ್ಪುಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿಗೆ ವಾಲುತ್ತವೆ. ನೀರು ಇರುವುದಕ್ಕಿಂತ ಚೆನ್ನಾಗಿದೆ ಅಂತ ತೋರಿಸುತ್ತವೆ.

ಮೂಗನ್ನು ನಂಬುವ ಹಾಗೂ ಇಲ್ಲ. ಕುಡಿಯುವ ನೀರಿನಲ್ಲಿ ಬೆಂಜೀನ್ ಒಂದು ಲೀಟರ್‌ಗೆ 10 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದಲ್ಲಿ ಮಿತಿ 5. ಆದರೆ ನೀರಿನಲ್ಲಿ ಬೆಂಜೀನ್ ವಾಸನೆ ಮನುಷ್ಯರಿಗೆ ಗೊತ್ತಾಗುವುದು ಲೀಟರ್‌ಗೆ ಸುಮಾರು 10 ಮಿಲಿಗ್ರಾಂ ಇದ್ದಾಗ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಸಾವಿರ ಪಟ್ಟು. ರಕ್ತದ ಕ್ಯಾನ್ಸರ್ ತರುವ ರಾಸಾಯನಿಕ ಇದು. "ವಾಸನೆ ಹೋಗಿದೆ, ಇನ್ನು ಬಳಸಬಹುದು" ಅಂತ ಜನ ಹೇಳುವಾಗ ನನಗೆ ನಿಜವಾಗಿ ಭಯ ಆಗುತ್ತದೆ.

ಸರಿ, ಬೆಮಿಜಿಯಲ್ಲಿ ಏನು ಕಂಡಿತು? ಮೊದಲಿಗೆ ಒಳ್ಳೆಯ ಸುದ್ದಿಯೇ ಬಂತು. 1996ರ ಹೊತ್ತಿಗೆ ತೇಲುವ ಎಣ್ಣೆಯ ಮುಂದಿನ ಅಂಚು ಸುಮಾರು 40 ಮೀಟರ್ ಸರಿದಿತ್ತು. ಎಣ್ಣೆಯಿಂದ ಕರಗಿ ನೀರಿನ ಜೊತೆ ಹೊರಟ ಮಾಲಿನ್ಯ, ಅಂದರೆ ಪ್ಲೂಮ್, ಸುಮಾರು 200 ಮೀಟರ್ ಹೋಗಿತ್ತು. ಅದೇ ಅವಧಿಯಲ್ಲಿ ಅಂತರ್ಜಲ ಸುಮಾರು 500 ಮೀಟರ್ ಹರಿದಿತ್ತು. ನೀರು ಮುಂದೆ ಹೋಗಿದೆ, ಬೆಂಜೀನ್ ಹಿಂದೆ ಉಳಿದಿದೆ. ದಾರಿಯಲ್ಲಿ ಯಾರೋ ಅದನ್ನು ತಿನ್ನುತ್ತಿದ್ದರು.

ತಿನ್ನುತ್ತಿದ್ದದ್ದು ಮಣ್ಣಿನ ಬ್ಯಾಕ್ಟೀರಿಯಾ. ಆಮ್ಲಜನಕ ಇದ್ದರೆ ಬ್ಯಾಕ್ಟೀರಿಯಾ ಎಣ್ಣೆ ತಿನ್ನುತ್ತವೆ ಅನ್ನುವುದು ಮೊದಲೇ ಗೊತ್ತಿತ್ತು. ಆದರೆ ಎಣ್ಣೆಯ ಕೆಳಗಿನ ನೀರಿನಲ್ಲಿ ಆಮ್ಲಜನಕ ಬೇಗ ಮುಗಿದುಹೋಗಿತ್ತು, ಆದರೂ ಕೆಲಸ ನಿಂತಿರಲಿಲ್ಲ. ನೀರಿನಲ್ಲಿ ಕರಗಿದ ಮ್ಯಾಂಗನೀಸ್ ಏರಿತು, ಕಬ್ಬಿಣ ಏರಿತು, ಮೀಥೇನ್ ಕಾಣಿಸಿತು. ಇದರ ಅರ್ಥ, ಮರಳಿನ ಕಣಗಳ ಮೇಲೆ ತುಕ್ಕಿನ ಹಾಗೆ ಅಂಟಿಕೊಂಡ ಕಬ್ಬಿಣದ ಆಕ್ಸೈಡನ್ನು ಬ್ಯಾಕ್ಟೀರಿಯಾ ಆಮ್ಲಜನಕದ ಬದಲಿಗೆ ಬಳಸುತ್ತಿದ್ದವು. 1989ರಲ್ಲಿ ಯುಎಸ್‌ಜಿಎಸ್ ವಿಜ್ಞಾನಿಗಳಾದ ಡೆರೆಕ್ ಲವ್ಲಿ, ಮೇರಿ ಜೋ ಬೇಡೆಕರ್, ಇಸಬೆಲ್ ಕಾಝರೆಲಿ ಮತ್ತು ಜೊತೆಗಾರರು 'ನೇಚರ್' ಪತ್ರಿಕೆಯಲ್ಲಿ ಇದನ್ನು ಬರೆದರು. ಗಾಳಿ ಇಲ್ಲದ ಕಡೆಯೂ, ಕಬ್ಬಿಣದ ಸಹಾಯದಿಂದ ಎಣ್ಣೆಯಲ್ಲಿರುವ ಟಾಲ್ವೀನ್‌ನಂಥ ರಾಸಾಯನಿಕಗಳು ಕೊಳೆಯುತ್ತವೆ ಅಂತ ತೋರಿಸಿದ ದೊಡ್ಡ ಕೆಲಸ ಅದು. ಈ ಸೂಕ್ಷ್ಮಜೀವಿಗಳ ಕೆಲಸದಿಂದ ಎಣ್ಣೆ ಇರುವ ಜಾಗದ ನೆಲವೇ ಸುತ್ತಲಿನ ನೆಲಕ್ಕಿಂತ ಬಿಸಿಯಾಗಿತ್ತು, ಥರ್ಮಾಮೀಟರ್‌ನಲ್ಲಿ ಗೊತ್ತಾಗುವಷ್ಟು. ಮಿನೆಸೋಟದ ಚಳಿಯಲ್ಲಿ ಇದು ಎಂಥ ಅದ್ಭುತ ಅಲ್ವಾ?

ಬೆಮಿಜಿಯಂಥ ಜಾಗಗಳ ಅನುಭವದಿಂದ ಶುಚಿ ಮಾಡುವ ಪದ್ಧತಿಯೇ ಬದಲಾಯಿತು. ಎಲ್ಲ ಕಡೆ ಅಗೆಯಬೇಕಿಲ್ಲ, ಪಂಪ್ ಹಾಕಬೇಕಿಲ್ಲ, ಪ್ರಕೃತಿ ತಾನೇ ಶುಚಿ ಮಾಡುತ್ತದೆ, ನಾವು ಅಳೆಯುತ್ತಾ ಇದ್ದರೆ ಸಾಕು ಅನ್ನುವ ದಾರಿಗೆ ಅಮೆರಿಕದ ಪರಿಸರ ಸಂಸ್ಥೆ 1999ರಲ್ಲಿ ಅಧಿಕೃತ ಮಾರ್ಗಸೂಚಿ ಕೊಟ್ಟಿತು. ಕೋಟಿಗಟ್ಟಲೆ ಖರ್ಚು ಉಳಿಸುವ ದಾರಿ, ಹಾಗಾಗಿ ಕಂಪನಿಗಳಿಗೂ ಇಷ್ಟ. ನಾನು ಇದನ್ನು ವಿರೋಧಿಸುವವನಲ್ಲ. ಎಷ್ಟೋ ಕಡೆ ಇದೇ ಸರಿಯಾದ ದಾರಿ. ನನ್ನ ಸಿಟ್ಟು ಇರುವುದು ಬೇರೆ ಕಡೆ. "ಅಳೆಯುತ್ತಾ ಇರುವುದು" ಅನ್ನುವ ಅರ್ಧವನ್ನು ಬಿಟ್ಟು "ಪ್ರಕೃತಿ ನೋಡಿಕೊಳ್ಳುತ್ತದೆ" ಅನ್ನುವ ಅರ್ಧವನ್ನು ಮಾತ್ರ ಹಿಡಿದುಕೊಳ್ಳುತ್ತಾರೆ. ಅಳೆದರೂ ಬೆಂಜೀನ್ ಒಂದನ್ನೇ ಅಳೆಯುತ್ತಾರೆ. ಬೆಂಜೀನ್ ಮಿತಿಯೊಳಗೆ ಬಂತು, ಫೈಲ್ ಮುಚ್ಚಿ.

ಬೆಮಿಜಿಯಲ್ಲಿ ಫೈಲ್ ಮುಚ್ಚಲಿಲ್ಲ. ಅದಕ್ಕೇ ಮುಂದಿನದ್ದು ಗೊತ್ತಾಯಿತು.

ಬಾವಿಗಳ ಅಂಕಿ ನೋಡಿದರೆ ಪ್ಲೂಮ್ ಬಹುತೇಕ ನಿಂತುಬಿಟ್ಟಿದೆ ಅಂತ ಕಾಣುತ್ತಿತ್ತು. ಆದರೆ ಅವರು ಬಾವಿಗಳನ್ನಷ್ಟೇ ನಂಬದೆ, ಕೊಳವೆ ಹೊಡೆದು ಮರಳಿನ ಕಂಬಗಳನ್ನೇ ಮೇಲಕ್ಕೆ ತೆಗೆದು, ತುಂಡು ತುಂಡಾಗಿ ಪರೀಕ್ಷೆ ಮಾಡಿದರು. 2001ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಬೇರೆ ಚಿತ್ರ ಬಂತು. ಎಣ್ಣೆಗೆ ಹತ್ತಿರದ ಮರಳಿನಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದ ಕಬ್ಬಿಣ ಖಾಲಿಯಾಗುತ್ತಾ ಬಂದಿತ್ತು. ಕಬ್ಬಿಣ ಮುಗಿದ ಜಾಗದಲ್ಲಿ ಬೆಂಜೀನ್ ಕೊಳೆಯುವುದು ನಿಧಾನವಾಗಿ, ಅದು ಸ್ವಲ್ಪ ಸ್ವಲ್ಪವೇ ಮುಂದೆ ಸರಿಯುತ್ತಿತ್ತು. ಬಾವಿಗಳಿಗೆ ಇದು ಗೊತ್ತೇ ಆಗಿರಲಿಲ್ಲ. ಮಣ್ಣಿನ ಶಕ್ತಿಗೂ ಒಂದು ಮಿತಿ ಇದೆ, ಹಾಗಾಗಿ ಮೊದಲ ಹದಿನೈದು ವರ್ಷ ನಡೆದದ್ದು ಮುಂದಿನ ಹದಿನೈದು ವರ್ಷವೂ ನಡೆಯುತ್ತದೆ ಅಂತ ಹೇಳಲು ಬರುವುದಿಲ್ಲ.

ಆಮೇಲೆ ಆರ್ಸೆನಿಕ್. ಈ ಭಾಗ ನಾನು ಓದಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. ಎಣ್ಣೆಯಲ್ಲಿ ಇದ್ದ ಆರ್ಸೆನಿಕ್ ಅಲ್ಲ ಇದು. ಆ ಮರಳಿನಲ್ಲೇ ಸಹಜವಾಗಿ, ಕಬ್ಬಿಣದ ಆಕ್ಸೈಡ್‌ಗೆ ಅಂಟಿಕೊಂಡು, ಯಾರಿಗೂ ತೊಂದರೆ ಕೊಡದೆ ಇದ್ದ ಆರ್ಸೆನಿಕ್. ಬ್ಯಾಕ್ಟೀರಿಯಾ ಎಣ್ಣೆ ತಿನ್ನಲು ಕಬ್ಬಿಣವನ್ನು ಕರಗಿಸಿದಾಗ ಅದಕ್ಕೆ ಅಂಟಿದ್ದ ಆರ್ಸೆನಿಕ್ ನೀರಿಗೆ ಬಿತ್ತು. ಕಾಝರೆಲಿ ಮತ್ತು ತಂಡದವರು ಪ್ರಕಟಿಸಿದ ಅಂಕಿಗಳ ಪ್ರಕಾರ ಪ್ಲೂಮ್ ಒಳಗೆ ಅದು ಲೀಟರ್‌ಗೆ 230 ಮೈಕ್ರೋಗ್ರಾಂವರೆಗೆ ಇತ್ತು. ಕುಡಿಯುವ ನೀರಿನ ಮಿತಿ 10. ಅಂದರೆ ಎಣ್ಣೆಯನ್ನು ಶುಚಿ ಮಾಡುವ ಅದೇ ಕ್ರಿಯೆ ಇನ್ನೊಂದು ವಿಷವನ್ನು ಹೊರಗೆ ಬಿಟ್ಟಿತು. ಪ್ಲೂಮ್‌ನ ಮುಂದಿನ ಅಂಚಿನಲ್ಲಿ ಆಮ್ಲಜನಕ ಸಿಕ್ಕಿದಾಗ ಕಬ್ಬಿಣ ಮತ್ತೆ ತುಕ್ಕಾಗಿ ಕೂರುತ್ತದೆ, ಆರ್ಸೆನಿಕ್ ಕೂಡ ಅಲ್ಲೇ ಮತ್ತೆ ಅಂಟಿಕೊಳ್ಳುತ್ತದೆ. ಆದರೆ ಪ್ಲೂಮ್ ಬೆಳೆದರೆ ಆ ಅಂಚೂ ಕರಗುತ್ತದೆ. ಸೋರಿಕೆಯಾದ ಕಡೆ ಆರ್ಸೆನಿಕ್ ಪರೀಕ್ಷೆ ಮಾಡಿಸಿ ಅಂದರೆ "ಎಣ್ಣೆಗೂ ಆರ್ಸೆನಿಕ್‌ಗೂ ಏನು ಸಂಬಂಧ" ಅಂತ ಕೇಳುವ ಎಂಜಿನಿಯರ್‌ಗಳನ್ನು ನಾನು ನೋಡಿದ್ದೇನೆ. ಸಂಬಂಧ ಇದು.

ಮೂರನೆಯದು ಇನ್ನೂ ಸೂಕ್ಷ್ಮ. ಬ್ಯಾಕ್ಟೀರಿಯಾ ಎಣ್ಣೆಯನ್ನು ಒಂದೇ ಸಲಕ್ಕೆ ಇಂಗಾಲದ ಡೈ ಆಕ್ಸೈಡ್ ಮಾಡಿಬಿಡುವುದಿಲ್ಲ. ನಡುವೆ ಅರ್ಧ ಕೊಳೆತ ಪದಾರ್ಥಗಳು ಹುಟ್ಟುತ್ತವೆ, ಅದರಲ್ಲಿ ಆಮ್ಲಗಳೇ ಹೆಚ್ಚು. ಇವು ಎಣ್ಣೆಗಿಂತ ಚೆನ್ನಾಗಿ ನೀರಿನಲ್ಲಿ ಕರಗುತ್ತವೆ, ಆವಿಯಾಗಿ ಹೋಗುವುದಿಲ್ಲ. ಯುಎಸ್‌ಜಿಎಸ್‌ನ ಬಾರ್ಬರಾ ಬೆಕಿನ್ಸ್ ಮತ್ತು ಜೊತೆಗಾರರು ತೋರಿಸಿದ್ದು, ಬೆಮಿಜಿಯ ನೀರಿನಲ್ಲಿ ಎಣ್ಣೆಯ ಮೂಲ ಪದಾರ್ಥಗಳಾದ ಹೈಡ್ರೋಕಾರ್ಬನ್‌ಗಳಿಗಿಂತ ಈ ಅರ್ಧ ಕೊಳೆತವುಗಳೇ ಜಾಸ್ತಿ ಇವೆ ಮತ್ತು ಇವು ಬೆಂಜೀನ್‌ಗಿಂತ ದೂರ ಹೋಗುತ್ತವೆ ಅಂತ. ಪೈಪ್‌ಲೈನ್‌ನಿಂದ ಸುಮಾರು 300 ಮೀಟರ್ ದೂರದಲ್ಲಿ ಹೆಸರಿಲ್ಲದ ಒಂದು ಸಣ್ಣ ಕೆರೆ ಇದೆ, ಅಂತರ್ಜಲ ಹರಿಯುವುದು ಆ ಕಡೆಗೇ.

ಇವು ನಮ್ಮ ಮಾಮೂಲಿ ಪರೀಕ್ಷೆಯಲ್ಲಿ ಯಾಕೆ ಸಿಗುವುದಿಲ್ಲ ಗೊತ್ತಾ? ಒಟ್ಟು ಪೆಟ್ರೋಲಿಯಂ ಅಳೆಯುವಾಗ ಎಷ್ಟೋ ಲ್ಯಾಬ್‌ಗಳು ಸ್ಯಾಂಪಲನ್ನು ಮೊದಲು ಸಿಲಿಕಾ ಜೆಲ್ ಮೂಲಕ ಹಾಯಿಸುತ್ತವೆ, ಕೆಲವು ಪದಾರ್ಥಗಳನ್ನು ಹಿಡಿದಿಟ್ಟುಕೊಳ್ಳುವ ಕಾಳುಗಳು ಅವು. ಎಲೆ, ಮಣ್ಣಿನಲ್ಲಿ ಕೊಳೆತ ಕಸದಂಥ ಸಹಜ ಪದಾರ್ಥ ಬೆರೆತು ಅಂಕಿ ಹೆಚ್ಚಾಗಬಾರದು ಅಂತ. ಉದ್ದೇಶ ಸರಿಯೇ. ಆದರೆ ಆ ಜೆಲ್ ಈ ಅರ್ಧ ಕೊಳೆತ ಪದಾರ್ಥಗಳನ್ನೂ ಹಿಡಿದುಕೊಂಡುಬಿಡುತ್ತದೆ. ವರದಿಯಲ್ಲಿ "ಪತ್ತೆಯಾಗಿಲ್ಲ" ಅಂತ ಬರುತ್ತದೆ. ನೀರಿನಲ್ಲಿ ಇರುತ್ತದೆ, ಕಾಗದದಲ್ಲಿ ಇರುವುದಿಲ್ಲ. ಬೆಮಿಜಿಯವರು ಕರಗಿದ ಒಟ್ಟು ಸಾವಯವ ಇಂಗಾಲವನ್ನು ಅಳೆದು ಇದನ್ನು ಹಿಡಿದರು. ದುಬಾರಿ ಪರೀಕ್ಷೆ ಅಲ್ಲ ಅದು. ಆಮೇಲೆ ಜೀವಕೋಶಗಳ ಮೇಲೆ ಈ ನೀರನ್ನು ಪರೀಕ್ಷಿಸಿದಾಗ ಅದಕ್ಕೆ ಜೈವಿಕ ಪ್ರಭಾವ ಇದೆ ಅನ್ನುವುದೂ ಕಂಡಿತು.

ಇಷ್ಟರ ನಡುವೆ ಪಂಪ್ ಹಾಕುವ ಪ್ರಯತ್ನವೂ ನಡೆಯಿತು. ಸಿಕ್ಕಷ್ಟು ಎಣ್ಣೆ ತೆಗೆಯಬೇಕು ಅಂತ ಮಿನೆಸೋಟದ ಮಾಲಿನ್ಯ ನಿಯಂತ್ರಣ ಸಂಸ್ಥೆ 1998ರಲ್ಲಿ ಪೈಪ್‌ಲೈನ್ ಕಂಪನಿಗೆ ಹೇಳಿತು. ಒಂದು ಪಂಪ್ ಕೆಳಗಿನ ನೀರನ್ನು ಎಳೆದು ಬಾವಿಯ ಸುತ್ತ ತಗ್ಗು ಮಾಡುತ್ತದೆ, ಆ ತಗ್ಗಿಗೆ ಎಣ್ಣೆ ಹರಿದು ಬರುತ್ತದೆ, ಇನ್ನೊಂದು ಪಂಪ್ ಅದನ್ನು ಮೇಲಿನಿಂದ ಎತ್ತುತ್ತದೆ. 1999ರಿಂದ ಐದು ವರ್ಷದ ಹತ್ತಿರ ನಡೆಸಿ ಸುಮಾರು 1.15 ಲಕ್ಷ ಲೀಟರ್ ತೆಗೆದರು. ಆ ಬಾವಿಗಳ ಸುತ್ತ ಇದ್ದ ಎಣ್ಣೆಯಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಸಿಕ್ಕಿಬಿದ್ದ ಎಣ್ಣೆ ಸಿಕ್ಕಿಬಿದ್ದೇ ಇದೆ. ಪಂಪ್ ಬೇಡವೇ ಬೇಡ ಅಂತ ಹೇಳುತ್ತಿಲ್ಲ. ಮೊದಲ ವಾರಗಳಲ್ಲಿ ತೆಗೆಯುವ ಒಂದೊಂದು ಲೀಟರ್‌ಗೂ ಬೆಲೆ ಇದೆ, ಆಗ ಎಣ್ಣೆ ಇನ್ನೂ ಹರಿಯುವ ಸ್ಥಿತಿಯಲ್ಲಿರುತ್ತದೆ. ಇಪ್ಪತ್ತು ವರ್ಷ ಬಿಟ್ಟು ಪಂಪ್ ಹಾಕಿದರೆ ಸಿಗುವುದು ಅಷ್ಟಕ್ಕಷ್ಟೇ.

ಇನ್ನು ಎಷ್ಟು ಸೋರಿತು ಅನ್ನುವ ಮೊದಲ ದಿನದ ಅಂಕಿ. ಅದನ್ನು ನಂಬಲೇಬೇಡಿ. 2020ರ ಆಗಸ್ಟ್ 14ರಂದು ಅಮೆರಿಕದ ನಾರ್ತ್ ಕೆರೊಲೈನಾದ ಹಂಟರ್ಸ್‌ವಿಲ್‌ನಲ್ಲಿ ಕಲೋನಿಯಲ್ ಕಂಪನಿಯ ಪೆಟ್ರೋಲ್ ಪೈಪ್ ಸೋರುತ್ತಿರುವುದನ್ನು ಕಂಡವರು ಕಾಡಿನ ದಾರಿಯಲ್ಲಿ ಗಾಡಿ ಓಡಿಸಿಕೊಂಡು ಹೋಗುತ್ತಿದ್ದ ಇಬ್ಬರು ಹುಡುಗರು. ಕಂಪನಿಯ ಯಂತ್ರಗಳಿಗೆ ಗೊತ್ತಾಗಿರಲಿಲ್ಲ, ಯಾಕಂದರೆ ನಿಧಾನವಾಗಿ ಸೋರುವುದನ್ನು ಒತ್ತಡದ ಮೀಟರ್‌ಗಳು ಹಿಡಿಯುವುದಿಲ್ಲ. ಮೊದಲು 63 ಸಾವಿರ ಗ್ಯಾಲನ್ ಅಂದರು. ಕೆಲವೇ ವಾರಗಳಲ್ಲಿ ಎರಡೂಮುಕ್ಕಾಲು ಲಕ್ಷ ಅಂದರು. ಮುಂದಿನ ವರ್ಷ 12 ಲಕ್ಷ. 2022ರಲ್ಲಿ ಸುಮಾರು 20 ಲಕ್ಷ ಗ್ಯಾಲನ್, ಅಂದರೆ 75 ಲಕ್ಷ ಲೀಟರ್ ಹತ್ತಿರ. ಮೊದಲ ಅಂಕಿಯ ಮೂವತ್ತು ಪಟ್ಟು. ಈ ಅಂಕಿ ಏರುತ್ತಾ ಹೋದದ್ದು ಬಾವಿ ಕೊರೆದು, ತೇಲುವ ಪೆಟ್ರೋಲ್ ಅಳೆದು, ಹೊರತೆಗೆದದ್ದನ್ನು ಲೆಕ್ಕ ಹಾಕಿದ ಮೇಲೆ. ಬಾವಿ ಕೊರೆಯದೆ ಇದ್ದಿದ್ದರೆ ಇವತ್ತಿಗೂ ಅದು 63 ಸಾವಿರವೇ ಆಗಿರುತ್ತಿತ್ತು.

ನಮ್ಮ ದೇಶದ ಕಥೆ? ಚೆನ್ನೈನ ತಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಮನೆಗಳ ಬೋರ್‌ವೆಲ್‌ನಲ್ಲಿ ನೀರಿನ ಜೊತೆ ಇಂಧನ ಬಂತು. ಬಂದರಿನಿಂದ ಬರುವ ತೈಲ ಪೈಪ್‌ನಿಂದ ಸೋರಿದ್ದು ಅದು. ವಿಷಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು. ಅಲ್ಲೂ ಮೊದಲು ಪತ್ತೆ ಹಚ್ಚಿದವರು ನೀರು ಎತ್ತಿದ ಮನೆಯವರೇ, ಮೀಟರ್ ಅಲ್ಲ.

ಕರ್ನಾಟಕದಲ್ಲಿ 2003ರಿಂದ ಮಂಗಳೂರಿನಿಂದ ಘಟ್ಟ ಹತ್ತಿ ಹಾಸನದ ಮೂಲಕ ಬೆಂಗಳೂರು ಪಕ್ಕದ ದೇವನಗೊಂದಿಯವರೆಗೆ 360 ಕಿಲೋಮೀಟರ್‌ಗೂ ಹೆಚ್ಚು ಉದ್ದದ ಪೈಪ್‌ನಲ್ಲಿ ಪೆಟ್ರೋಲ್, ಡೀಸೆಲ್ ಹರಿಯುತ್ತಿದೆ. ತೋಟದ ಅಂಚಿನಲ್ಲಿ, ರಸ್ತೆ ಪಕ್ಕದಲ್ಲಿ ಹಳದಿ ಗುರುತುಕಲ್ಲು ನೋಡಿರುತ್ತೀರಿ. ಪೈಪ್‌ಗೆ ತೂತು ಕೊರೆದು ಡೀಸೆಲ್ ಕದಿಯುವ ಪ್ರಕರಣಗಳೂ ಆಗಿವೆ. ಅಲ್ಲಿ ಅನಾಹುತ ಆಗಿದೆ ಅಂತ ಹೇಳುತ್ತಿಲ್ಲ. ಪೈಪ್‌ಲೈನ್ ಲಾರಿಗಿಂತ ಸುರಕ್ಷಿತವೇ. ಆದರೆ ಬೆಮಿಜಿಯ ಪಾಠವನ್ನು ಇಲ್ಲಿಗೆ ತರುವಾಗ ನೆಲ ಬೇರೆ ಅನ್ನುವುದನ್ನು ಮರೆಯಬಾರದು. ಅಲ್ಲಿ ಒಂದೇ ಸಮನಾದ ಮರಳು, ನೀರು ಎತ್ತ ಹರಿಯುತ್ತದೆ ಅಂತ ಲೆಕ್ಕ ಹಾಕಬಹುದು. ಬಯಲುಸೀಮೆಯಲ್ಲಿ ಮೇಲೆ ಸ್ವಲ್ಪ ಕೊಳೆತ ಕಲ್ಲು, ಕೆಳಗೆ ಗಟ್ಟಿ ಬಂಡೆ, ನೀರು ಇರುವುದು ಬಿರುಕುಗಳಲ್ಲಿ. ಬಿರುಕು ಎತ್ತ ಹೋಗುತ್ತದೋ ಎಣ್ಣೆಯೂ ಅತ್ತ. ಹತ್ತು ಅಡಿ ಪಕ್ಕದ ಬಾವಿ ಚೆನ್ನಾಗಿದ್ದು ಅರ್ಧ ಕಿಲೋಮೀಟರ್ ಆಚೆಯ ಬೋರ್‌ವೆಲ್ ಕೆಡಬಹುದು. ಅದರ ಮೇಲೆ ನಾವು ಸಾವಿರ ಅಡಿ ಕೊರೆದು ಹಗಲು ರಾತ್ರಿ ಪಂಪ್ ಓಡಿಸುತ್ತೇವೆ, ಆ ಪಂಪೇ ಕೆಟ್ಟ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಇಲ್ಲಿ ನಾಲ್ಕು ಪರೀಕ್ಷಾ ಬಾವಿ ಕೊರೆದು "ಏನೂ ಸಿಗಲಿಲ್ಲ" ಅನ್ನುವುದರಲ್ಲಿ ಅರ್ಥವೇ ಇಲ್ಲ.

ಕರಾವಳಿಯದ್ದು ಮತ್ತೊಂದು ಬಗೆ. ಮುರಕಲ್ಲು ತುಂಬಾ ಕಬ್ಬಿಣ. ತೂತು ತೂತಾದ ಆ ಕಲ್ಲಿನಲ್ಲಿ ಮಳೆಗಾಲದಲ್ಲಿ ನೀರು ಏರಿ ಇಳಿಯುವ ವೇಗಕ್ಕೆ ತೇಲುವ ಎಣ್ಣೆಯೂ ಮೇಲೆ ಕೆಳಗೆ ಹೋಗಿ ಮೀಟರ್‌ಗಟ್ಟಲೆ ಕಲ್ಲಿಗೆ ಬಳಿದುಕೊಳ್ಳುತ್ತದೆ. ಕಬ್ಬಿಣ ಇರುವುದರಿಂದ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕದ ಬದಲಿಗೆ ಬಳಸಲು ಧಾರಾಳ ಸಿಗಬಹುದು, ಆದರೆ ಆ ಕಬ್ಬಿಣದ ಜೊತೆ ಇನ್ನೇನು ಕರಗಿ ಬರುತ್ತದೆ ಅನ್ನುವುದನ್ನು ಅಳೆದೇ ನೋಡಬೇಕು.

ಪೈಪ್‌ಗಿಂತ ಸಾವಿರ ಪಟ್ಟು ಹತ್ತಿರ ಇರುವುದು ಪೆಟ್ರೋಲ್ ಬಂಕ್‌ಗಳ ನೆಲದಡಿಯ ಟ್ಯಾಂಕ್‌ಗಳು, ಅದು ಹೆಚ್ಚುಕಡಿಮೆ ಎಲ್ಲ ಕಡೆಯೂ ಇದೆ. ವಿಷಯ ಒಂದೇ, ಪ್ರಮಾಣ ಮಾತ್ರ ಚಿಕ್ಕದು. ಒಂದು ಊರಿನ ಬಂಕ್ ಪಕ್ಕದ ಮನೆಯವರು ಬಾವಿ ನೀರಿನ ವರದಿ ತೋರಿಸಿದ್ದರು. ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಎಲ್ಲ ಮಿತಿಯೊಳಗೆ. "ಕುಡಿಯಲು ಯೋಗ್ಯ" ಅಂತ ಮೊಹರು. ಪೆಟ್ರೋಲ್‌ಗೆ ಸಂಬಂಧಿಸಿದ ಒಂದೇ ಒಂದು ಪರೀಕ್ಷೆ ಮಾಡಿರಲಿಲ್ಲ. ಆ ಮನೆಯ ಅಜ್ಜಿ "ನೀರಿನ ಮೇಲೆ ಬಣ್ಣ ಬಣ್ಣ ಕಾಣುತ್ತಪ್ಪ" ಅಂತ ಹೇಳುತ್ತಲೇ ಇದ್ದರು. ಅವರ ಮಾತಿಗೆ ಆ ಮೊಹರಿಗಿಂತ ಜಾಸ್ತಿ ಬೆಲೆ ಇರಬೇಕಿತ್ತು.

ನಿಮ್ಮ ಹೊಲ, ತೋಟ, ಮನೆ ಪೈಪ್‌ಲೈನ್ ಅಥವಾ ಬಂಕ್ ಹತ್ತಿರ ಇದ್ದರೆ ಈಗಲೇ, ಏನೂ ಆಗದೆ ಇರುವಾಗಲೇ, ಬಾವಿ ನೀರನ್ನು ಒಂದು ಸಲ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ನಾಳೆ ಏನಾದರೂ ಆದರೆ "ಈ ಕಬ್ಬಿಣ, ಈ ಆರ್ಸೆನಿಕ್ ಮೊದಲಿಂದಲೂ ನಿಮ್ಮ ನೀರಿನಲ್ಲಿತ್ತು" ಅಂತ ಹೇಳುವವರಿಗೆ ತೋರಿಸಲು ಅದೊಂದೇ ಕಾಗದ ನಿಮ್ಮ ಹತ್ತಿರ ಇರುವುದು. ಸುಮ್ನೆ "ನೀರಿನ ಪರೀಕ್ಷೆ" ಅಂತ ಕೇಳಬೇಡಿ. ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಜೈಲೀನ್ ಅಂತ ಹೆಸರು ಹೇಳಿ ಕೇಳಿ. ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಕೇಳಿ, ಸಿಲಿಕಾ ಜೆಲ್ ಬಳಸುತ್ತೀರಾ ಅಂತಲೂ ಕೇಳಿ. ಜೊತೆಗೆ ಕಬ್ಬಿಣ, ಮ್ಯಾಂಗನೀಸ್, ಆರ್ಸೆನಿಕ್, ಕರಗಿದ ಸಾವಯವ ಇಂಗಾಲ. ಮಳೆಗಾಲ ಮುಗಿದ ಮೇಲೆ ಒಂದು ಸಲ, ಕಡು ಬೇಸಿಗೆಯಲ್ಲಿ ಒಂದು ಸಲ ಮಾಡಿಸಿದರೆ ಇನ್ನೂ ಒಳ್ಳೆಯದು. ಮಿನರಲ್ ವಾಟರ್ ಬಾಟಲಿಯಲ್ಲಿ ನೀರು ತುಂಬಿಕೊಂಡು ಲ್ಯಾಬ್‌ಗೆ ಹೋಗಬೇಡಿ. ಗಾಜಿನ ಸೀಸೆ ಅವರೇ ಕೊಡಬೇಕು, ಆಮ್ಲ ಹಾಕಿದ್ದು. ಹಾಗೆ ತೆಗೆದ ಸ್ಯಾಂಪಲನ್ನು ಐಸ್‌ನಲ್ಲಿಟ್ಟರೆ 14 ದಿನದೊಳಗೆ ಪರೀಕ್ಷೆ ಮುಗಿಸಬೇಕು, ಆಮ್ಲ ಹಾಕದೆ ಇದ್ದರೆ 7 ದಿನ. ಸ್ಯಾಂಪಲ್ ತೆಗೆದ ತಾರೀಖು, ಪರೀಕ್ಷೆ ಮಾಡಿದ ತಾರೀಖು ಎರಡೂ ವರದಿಯಲ್ಲಿ ಇವೆಯಾ ಅಂತ ನೋಡಿ, ಇಲ್ಲದಿದ್ದರೆ ಬರೆಸಿಕೊಂಡೇ ಬನ್ನಿ.